ಇಗ್ವಾನೊಡಾನಿನ ಮೂಗು

ಎಲ್ಲಕ್ಕೂ ಕಾರಣ ಒಂದು ಊಟದ ಚಿತ್ರ.

ಅಂಕೋಲೆಯ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ರವಿಕಿರಣ ನಾಯ್ಕರು ಮಕ್ಕಳಿಗೆಂದು ಒಂದು ಪುಸ್ತಕ ಬರೆದು, ಪುಟಪುಟಕ್ಕೂ ತಾವೇ ಬಣ್ಣದ ಚಿತ್ರ ತೆಗೆದಿದ್ದರು. ಪುಸ್ತಕ ಯಾರ ಮೇಲೆ ಅಂತೀರಿ? ನಮ್ಮೂರಿನ ಯಾರ ಮೇಲೂ ಅಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ನಿನಲ್ಲಿ ಹಾಕಿನ್ಸ್ ಅಂತ ಒಬ್ಬ ಶಿಲ್ಪಿ ಇದ್ದ. ಡೈನೋಸಾರು ಹೇಗಿತ್ತು ಅಂತ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ, ಸಿಕ್ಕ ನಾಲ್ಕು ಎಲುಬು ನೋಡಿ, ಮಿಕ್ಕಿದ್ದನ್ನು ಊಹೆ ಮಾಡಿ, ಅದರ ನಿಜ ಗಾತ್ರದ ಮೂರ್ತಿಗಳನ್ನು ಮೊದಲು ಕಟ್ಟಿ ನಿಲ್ಲಿಸಿದವನು. ಇಗ್ವಾನೊಡಾನ್ ಅನ್ನುವ ಪ್ರಾಣಿಯ ಅಚ್ಚು ತಯಾರಾದಾಗ ಅದರ ಹೊಟ್ಟೆಯೊಳಗೇ ಮೇಜು ಹಾಕಿಸಿ ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಊಟ ಬಡಿಸಿದ ಪುಣ್ಯಾತ್ಮ. ಮಾಸ್ತರರು ಆ ಊಟದ ಚಿತ್ರವನ್ನು ಎರಡು ಪುಟ ತುಂಬ ತೆಗೆದಿದ್ದರು.

ಪುಸ್ತಕ ಬರೆಯುವ ಹುಚ್ಚು ಅವರಿಗೆ ಸುಮ್ಮನೆ ಹಿಡಿದದ್ದಲ್ಲ. ಶಾಲೆ ನಡೆಸುವ ಸಂಸ್ಥೆಯ ಅಧ್ಯಕ್ಷರು ಕಾರವಾರದ ಸುಬ್ರಾಯ ಹೆಗಡೆ ವಕೀಲರು. ಅವರು ಒಂದು ದಿನ ಮೀಟಿಂಗಿನಲ್ಲಿ, "ಡ್ರಾಯಿಂಗಿಗೆ ಮಾರ್ಕ್ಸ್ ಇಲ್ಲ, ರ‍್ಯಾಂಕ್ ಇಲ್ಲ. ಬರುವ ಜೂನಿನಿಂದ ಆ ಪಿರಿಯಡ್ ತೆಗೆದುಬಿಡ್ವಾ. ರವಿಕಿರಣ ಮಾಸ್ತರರು ಆಫೀಸಿನಲ್ಲಿ ಕೂತು ಕಾಗದಪತ್ರಕ್ಕೆ ಸಿಕ್ಕಾ ಹೊಡೀಲಿ" ಅಂದುಬಿಟ್ಟಿದ್ದರು. ಮಾಸ್ತರರಿಗೆ ಊಟ ಸೇರಲಿಲ್ಲ. ಬಣ್ಣದ ಡಬ್ಬಿ ಹಿಡಿದ ಕೈಯಲ್ಲಿ ಸಿಕ್ಕಾ ಹೊಡೆಯುವುದಾ? ಡ್ರಾಯಿಂಗ್ ಕಲಿಸುವವನ ಕೈಯಿಂದ ಏನಾಗುತ್ತದೆ ಅಂತ ತೋರಿಸಲೇಬೇಕು ಅಂತ ಹಟಕ್ಕೆ ಬಿದ್ದು ಪುಸ್ತಕ ಮುಗಿಸಿದರು.

ಆದರೆ ಓದುವವರು ಬೇಕಲ್ಲ! ಹೆಡ್‌ಮಾಸ್ತರರು ತೂಕ ನೋಡಿ "ಕಾಗದ ಒಳ್ಳೇದು ಹಾಕಿದ್ದೀರಿ" ಅಂದರು. ಮನೆಯಲ್ಲಿ ಹೆಂಡತಿ ಜಯಶ್ರೀ ಹಿಂದಿನ ರಟ್ಟಿನ ಮೇಲಿನ ಗಂಡನ ಫೋಟೋ ನೋಡಿ, "ಈ ಶರ್ಟು ಹಾಕ್ಕೊಂಡು ತೆಗೆಸಿದ್ರಾ?" ಅಂದಳು. ಹೆಗಡೆ ವಕೀಲರು ಪುಸ್ತಕ ತೆರೆದಾಗ ಬಂದದ್ದು ಊಟದ ಪುಟ. ಅಲ್ಲಿಂದ ಮುಂದೆ ಹೋಗಲಿಲ್ಲ.

"ಅರೇ, ಹೊಟ್ಟೆಯೊಳಗೆ ಊಟ! ಚಂದ ಅದೆ ಮಾರಾಯ್ರೆ. ಬಿಡುಗಡೆ ಕಾರವಾರದಲ್ಲೇ ಮಾಡ್ವಾ. ನೀವು ಇಂಥದ್ದೇ ಒಂದು ಪ್ರಾಣಿ ಮಾಡ್ಕೊಂಡು ಬನ್ನಿ, ನಾವು ನಾಲ್ಕು ಜನ ಒಳಗೆ ಕೂತು ಪಾಯಸ ಉಂಬ್ವಾ. ಆ ನಿಮ್ಮ ಡ್ರಾಯಿಂಗ್ ಪಿರಿಯಡ್ಡಿನ ವಿಷಯ ಅವತ್ತೇ ಸ್ಟೇಜಿನ ಮೇಲೆ ಹೇಳ್ತೆ."

ಹೀಗೆ ಹೋಳಿ ಹುಣ್ಣಿಮೆಗೆ ಮುಂಚಿನ ಭಾನುವಾರ ಬೆಳಿಗ್ಗೆ, ಶಾಲೆಯ ಅಂಗಳದಲ್ಲಿ ಒಂದು ಇಗ್ವಾನೊಡಾನ್ ಕಾರವಾರಕ್ಕೆ ಹೊರಟು ನಿಂತಿತ್ತು. ಬಿದಿರಿನ ಎಲುಬು, ಹಳೇ ಮೀನುಬಲೆಯ ಚರ್ಮ, ಅದರ ಮೇಲೆ ಅಂಟು ಹಚ್ಚಿದ ಸುದ್ದಿಪತ್ರಿಕೆ, ಅದರ ಮೇಲೆ ಬೂದುಹಸಿರು ಬಣ್ಣ. ಬೆನ್ನು ತೆರೆದ ದೊಡ್ಡ ಹೊಟ್ಟೆ. ಮೂಗಿನ ತುದಿಗೆ ತೆಂಗಿನ ಮಟ್ಟೆಯ ಬುಡ ಕೆತ್ತಿ ಮಾಡಿದ ಗಿಡ್ಡ ಕೊಂಬು. ಮಕ್ಕಳೂ ಮಾಸ್ತರರೂ ಸೇರಿ ತಿಂಗಳಿಡೀ ಮಾಡಿದ್ದು. ಟೆಂಪೋ ಹುಲಿಯಾ ಗೌಡನದು. ಅವನು ಹಗ್ಗ ಬಿಗಿಯುತ್ತಿದ್ದರೆ, ಪುಸ್ತಕದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತವರು ವಿಜ್ಞಾನ ಕಲಿಸುವ ಚೈತ್ರಾ ಅಕ್ಕೋರು. ತಪ್ಪು ಕಂಡರೆ ಅವರಿಗೆ ಸುಮ್ಮನಿರಲು ಆಗುವುದಿಲ್ಲ. ಮದುವೆಮನೆಯ ರಂಗೋಲಿಯಲ್ಲೂ ತಪ್ಪು ಹುಡುಕುವವರು.

"ಮಾಸ್ತರೇ, ಆ ಕೊಂಬು ಮೂಗಿನ ಮೇಲೆ ಬರೂದಲ್ಲ. ಅದು ಇಗ್ವಾನೊಡಾನಿನ ಹೆಬ್ಬೆರಳು."

"ಗೊತ್ತು ಅಕ್ಕೋರೆ. ಆಮೇಲೆ ಪೂರ್ತಿ ಎಲುಬಿನ ಗೂಡು ಸಿಕ್ಕಾಗ ಹಾಗಂತ ಗೊತ್ತಾದ್ದು. ಕಡೇ ಪುಟದಲ್ಲಿ ಬರೆದಿದ್ದೇನೆ. ಆದರೆ ಹಾಕಿನ್ಸ್ ಇಟ್ಟದ್ದು ಮೂಗಿನ ಮೇಲೆ."

"ತಪ್ಪು ಅಂತ ಗೊತ್ತಿದ್ದೂ ಇಡೂದಾ?"

"ಅಕ್ಕೋರೆ, ಅವನ ಕೈಯಲ್ಲಿ ಇದ್ದದ್ದು ನಾಲ್ಕು ಎಲುಬು. ನಗ್ತಾರೇನೋ ಅಂತ ಹೆದರಿ ಕೂತಿದ್ದರೆ ಅವನು ಏನೂ ಮಾಡ್ತಿರಲಿಲ್ಲ. ತಪ್ಪೋ ಸರಿಯೋ, ಮಾಡಿ ನಿಲ್ಲಿಸಿದ. ಅದಕ್ಕೇ ನನಗೆ ಅವನನ್ನು ಕಂಡ್ರೆ ಪ್ರೀತಿ." ಅಕ್ಕೋರು ಕಿಟಕಿಯ ಆಚೆ ನೋಡಿದರು.

ಟೆಂಪೋ ಹೊರಟಿತು. ಅವರ್ಸೆ ಮುಟ್ಟುವಷ್ಟರಲ್ಲಿ ಇಗ್ವಾನೊಡಾನಿನ ಬಾಲ ಸಡಿಲಾಗಿ ಹಿಂದೆ ಬರುವ ಬಸ್ಸಿನ ಗಾಜಿಗೆ ಮುತ್ತು ಕೊಡತೊಡಗಿತು. ಹುಲಿಯಾ ಗಾಡಿ ಬದಿಗೆ ಹಾಕಿದ. ಅಷ್ಟೇ. ಚಾ ಅಂಗಡಿಯಿಂದ ಒಬ್ಬ ಕೂಗಿದ: "ಹಗರಣ ಬಂತ್ರೋ!"

ಹಗರಣ ಅಂದರೆ ಪೇಪರಿನಲ್ಲಿ ಬರುವ ಹಗರಣ ಅಲ್ಲ. ಸುಗ್ಗಿಯ ದಿನಗಳಲ್ಲಿ ಅಂಕೋಲೆ ಕಡೆ ಊರಿನ ದೊಡ್ಡವರನ್ನು, ಆ ವರ್ಷ ಆದ ಎಡವಟ್ಟು, ಭಾನಗಡಿಗಳನ್ನು ವೇಷ ಕಟ್ಟಿ, ಬೊಂಬೆ ಮಾಡಿ, ಗಾಡಿಯ ಮೇಲೆ ಮೆರೆಸಿ ನಗೆಯಾಡುತ್ತಾರೆ. ಅದು ಹಗರಣ. ಸುಗ್ಗಿಯ ಹೊತ್ತಿಗೆ ರಸ್ತೆಯ ಮೇಲೆ ಬೊಂಬೆ ಹೊತ್ತ ಟೆಂಪೋ ಕಂಡರೆ ನಮ್ಮ ಜನ ಕೇಳುವ ಪ್ರಶ್ನೆ ಒಂದೇ: ಇದು ಯಾರದ್ದು?

"ಯಾರದ್ದೂ ಅಲ್ಲ. ಇದು ಇಗ್ವಾನೊಡಾನ್" ಅಂದರು ಮಾಸ್ತರರು.

"ಹೆಸರು ಹೇಳಬಾರದು, ಹೌದು ಹೌದು" ಅಂತ ಜನ ಕಣ್ಣು ಮಿಟುಕಿಸಿದರು. ಯಾರೋ ಹೋಗಿ ಬೀರಾ ಅಜ್ಜನನ್ನು ಕರೆತಂದರು. ಹರೆಯದಿಂದ ಹಗರಣ ಕಟ್ಟಿ ಪಳಗಿದ ಮುದುಕ. ಅವನು ಕನ್ನಡಕ ಏರಿಸಿಕೊಂಡು ಇಗ್ವಾನೊಡಾನಿನ ಹೊಟ್ಟೆ ನೋಡಿದ. ಮುಂದಕ್ಕೆ ಚಾಚಿದ ಕುತ್ತಿಗೆ ನೋಡಿದ. ಕಡೆಗೆ ಮೂಗಿನ ತುದಿಯ ಕೊಂಬಿಗೆ ಬಂದು ನಿಂತ. ಬೊಚ್ಚು ಬಾಯಿ ಅಗಲವಾಯಿತು.

"ಅಯ್ಯೋ ನನ್ನಪ್ಪಾ! ಹೆಗಡೆ ವಕೀಲರು!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ತರರು ತಿರುಗಿ ಇಗ್ವಾನೊಡಾನನ್ನು ನೋಡಿದರು.

ಹೆಗಡೆ ವಕೀಲರ ಮೂಗಿನ ತುದಿಯಲ್ಲಿ ಗೇರುಬೀಜದಷ್ಟು ದೊಡ್ಡ ನರೂಲಿ ಗಂಟು ಇತ್ತು. ಅದರ ಸುದ್ದಿ ಯಾರೂ ಎತ್ತುವಂತಿಲ್ಲ. ಅವರು ಶಾಲೆಗೆ ಬಂದರೆ ಮಾಸ್ತರರೆಲ್ಲ ಅವರ ಚಪ್ಪಲಿ ನೋಡಿ ಮಾತಾಡುತ್ತಿದ್ದರು. ಹೊಟ್ಟೆಯೂ ಹಾಗೇ, ಕುತ್ತಿಗೆಯೂ ಹಾಗೇ. ತಿಂಗಳಿಡೀ ತಾನು ಕೂತು ಕಟ್ಟಿದ್ದು ಅಧ್ಯಕ್ಷರನ್ನೇ! ಜನ ಮೊಬೈಲ್ ಎತ್ತಿ ಫೋಟೋ ಹೊಡೆಯತೊಡಗಿದ್ದರು.

"ಹೊರಡೋ ಹುಲಿಯಾ, ಹೊರಡೋ!"

"ಬಾಲ ಕಟ್ಟೂದು ಬೇಡ್ವಾ?"

"ಬಾಲ ಹೋದರೆ ಹೋಗಲಿ, ನನ್ನ ತಲೆ ಉಳೀಲಿ!"

ಟೆಂಪೋ ಓಡಿತು. ಆದರೆ ಫೋಟೋ ಅದಕ್ಕಿಂತ ಜೋರಾಗಿ ಓಡಿತು. ಅಮದಳ್ಳಿಗೆ ಬಂದರೆ ಅಲ್ಲಿ ಗುಮಟೆ ಬಾರಿಸುವವರು ರಸ್ತೆಯಲ್ಲಿ ಕಾದು ನಿಂತಿದ್ದರು. ಟೆಂಪೋದ ಮುಂದೆ ಅರ್ಧ ಮೈಲಿ ಬಾರಿಸುತ್ತ ನಡೆದರು. ಹಾರ್ನ್ ಹೊಡೆದರೆ ಅದಕ್ಕೂ ತಾಳ ಹಾಕಿದರು. ಚೈತ್ರಾ ಅಕ್ಕೋರು ಮೊಬೈಲ್ ನೋಡಿ, "ಮಾಸ್ತರೇ, ನಮ್ಮ ಸ್ಟಾಫ್ ಗ್ರೂಪಿಗೂ ಬಂತು. ಹೆಡ್‌ಮಾಸ್ತರರು ನಗೂ ಇಮೋಜಿ ಹಾಕಿ, ಈಗ ಡಿಲೀಟ್ ಮಾಡಿದ್ರು" ಅಂದರು.

"ಹುಲಿಯಾ, ಅವರಿಗೆ ಮುಟ್ಟಿರ್ತದಾ?"

"ವಕೀಲರಿಗಾ? ಮುಟ್ಟದೇ ಇರ್ತದಾ ಮಾಸ್ತರೇ! ಆದ್ರೆ ಎಂತಕ್ಕೆ ಹೆದರೂದು? ಹಗರಣಕ್ಕೆ ಯಾರೂ ಸಿಟ್ಟು ಮಾಡೂಕೆ ಆಗೂದಿಲ್ಲ. ಹಿಂದಿನ ಅಧ್ಯಕ್ಷರು ಕಿಶನ ಶೇಟರದ್ದು ಮೂರು ಸಲ ಮಾಡಿದ್ರಲ್ಲ."

"ಅವರು ಕಿಶನ ಶೇಟರು. ಇವರು ಹೆಗಡೆ ವಕೀಲರು! ನನ್ನನ್ನು ಸಿಕ್ಕಾ ಹೊಡೀಲಿಕ್ಕೂ ಇಟ್ಟುಕೊಳ್ಳೂದಿಲ್ಲ ಇನ್ನು."

ಬಿಣಗಾದ ಹತ್ತಿರ ಒಂದು ಆಲದ ಮರದ ನೆರಳಿನಲ್ಲಿ ಟೆಂಪೋ ನಿಲ್ಲಿಸಿದರು. ಮಾಸ್ತರರು ಕೆಳಗಿಳಿದು, ತಲೆಯ ಮೇಲೆ ಕೈ ಹೊತ್ತು, ಇಗ್ವಾನೊಡಾನಿನ ಮುಖ ನೋಡುತ್ತ ನಿಂತರು. ಚೈತ್ರಾ ಅಕ್ಕೋರು ಪಕ್ಕಕ್ಕೆ ಬಂದರು. ಇಂಥ ಗಳಿಗೆಗೆ ಬೆಳಿಗ್ಗೆಯಿಂದ ಕಾದಿದ್ದವರ ಹಾಗೆ ಮೆಲ್ಲಗೆ ಅಂದರು: "ಹೆಬ್ಬೆರಳಿಗೆ ಇಟ್ಟುಬಿಡಿ. ವಿಜ್ಞಾನವೂ ಸರಿಯಾಗ್ತದೆ, ನೌಕರಿಯೂ ಉಳೀತದೆ."

"ಹಾಕಿನ್ಸ್ ಮೂಗಿನ ಮೇಲೆ..."

"ಹಾಕಿನ್ಸನಿಗೆ ಸುಬ್ರಾಯ ಹೆಗಡೆಯವರು ಅಧ್ಯಕ್ಷರಾಗಿರಲಿಲ್ಲ ಮಾಸ್ತರೇ."

ಮಾಸ್ತರರು ಕಣ್ಣು ಮುಚ್ಚಿಕೊಂಡು "ತೆಗಿ ಹುಲಿಯಾ" ಅಂದರು. ಹುಲಿಯಾ ಮೇಲೆ ಹತ್ತಿ ಕೊಂಬು ಕಿತ್ತ. ಮೂಗಿನ ತೂತಿಗೆ ಅಕ್ಕೋರ ಬುತ್ತಿಯ ಅನ್ನ ಹಚ್ಚಿ ಕಾಗದ ಅಂಟಿಸಿದರು. ಕೊಂಬನ್ನು ಬಲಗೈಯ ಹೆಬ್ಬೆರಳಿಗೆ ಮೇಲ್ಮುಖ ಮಾಡಿ ತಂತಿಯಿಂದ ಬಿಗಿದರು. "ಈಗ ನೋಡಿ, ಖರೇ ಇಗ್ವಾನೊಡಾನ್!" ಅಂತ ಅಕ್ಕೋರು ಕೈ ತಟ್ಟಿದರು. ಮಾಸ್ತರರಿಗೆ ಮಾತ್ರ ಅದರ ಮುಖ ನೋಡುವ ಧೈರ್ಯ ಆಗಲಿಲ್ಲ.

ಹಿಂದೆ ಬೀಳುವ ಜನರನ್ನು ತಪ್ಪಿಸಲೆಂದು ಹುಲಿಯಾ ಗಾಡಿಯನ್ನು ಬೈತಖೋಲದ ಬಂದರಿನ ಕಡೆ ತಿರುಗಿಸಿದ. ಅದೇ ತಪ್ಪಾಯಿತು. ಅಲ್ಲಿ ಮೀನಿನ ಹರಾಜು ಮುಗಿದು ಹೆಂಗಸರೆಲ್ಲ ಬುಟ್ಟಿ ಎತ್ತಿಕೊಂಡು ರಸ್ತೆಗೆ ಬರುವ ಹೊತ್ತು. ಎಲ್ಲರ ಮುಂದೆ ಕಾಮಿ. ಅವಳು ಅಡ್ಡ ನಿಂತರೆ ಟ್ರಾಲರು ಕೂಡ ಹಿಂದೆ ಸರಿಯುತ್ತದೆ ಅಂತ ಬಂದರಿನಲ್ಲಿ ಹೇಳುತ್ತಾರೆ.

"ಅರೇ ಕಿತೆಂ ರೇ, ಎಂತ ಇದು! ನಮಗೆ ಹಗರಣ ತೋರಿಸ್ದೇ ಹೋಗೂದಾ? ಮೊಬೈಲಿನಲ್ಲಿ ಬಂದದ್ದು ಇದೇ ಅಲ್ಲಾ? ಆ ಮೂಗಿನ ಮೇಲಿಂದು ಎಲ್ಲಿ ಹೋಯ್ತು?"

"ಮೂಗಿನ ಮೇಲೆ ಏನೂ ಇರಲಿಲ್ಲ ತಾಯಿ. ಇದು ವಿಜ್ಞಾನದ ಪ್ರಾಣಿ" ಅಂದರು ಮಾಸ್ತರರು ಬೆವರು ಒರೆಸಿಕೊಳ್ಳುತ್ತ.

"ಹೆದರಿ ತೆಗೆದ್ರಾ?" ಕಾಮಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಬಯ್ಯುತ್ತಾಳೆ ಅಂದುಕೊಂಡರೆ, ಪಾಪ, ಅವಳಿಗೆ ಕರುಣೆ ಬಂತು. "ಹೋಗ್ಲಿ ಬಿಡಿ. ಹಗರಣದವರನ್ನು ಬರೀ ಕೈಲಿ ಕಳಿಸೂದಿಲ್ಲ ನಾವು." ಅಂದವಳೇ ಬುಟ್ಟಿಯಿಂದ ಎರಡು ಕೈ ತುಂಬ ಬಂಗಡೆ ಎತ್ತಿ ಇಗ್ವಾನೊಡಾನಿನ ತೆರೆದ ಬೆನ್ನಿನೊಳಗೆ ಎಸೆದಳು. ಅವಳು ಕೊಟ್ಟ ಮೇಲೆ ಉಳಿದವರು ಸುಮ್ಮನಿರುತ್ತಾರಾ? ಬಂಗಡೆ, ತಾರ್ಲೆ, ಸಿಗಡಿ, ಎಲ್ಲ ಹೊಟ್ಟೆಗೆ ಬಿತ್ತು.

"ಅಯ್ಯೋ, ಬೇಡ! ಅದರೊಳಗೆ ಹೆಗಡೆಯವರು ಊಟಕ್ಕೆ ಕೂರೂದು! ಅವರು ಮೀನು ಮುಟ್ಟದವರು!" ಅಂತ ಮಾಸ್ತರರು ಬೊಬ್ಬೆ ಹಾಕಿದ್ದಕ್ಕೆ ಹೆಂಗಸರು ಇದೂ ಹಗರಣದ ಮಾತೇ ಅಂತ ಮತ್ತಷ್ಟು ನಕ್ಕರು. ಬಂದರು ದಾಟಿದ ಮೇಲೆ ಹುಲಿಯಾ ಹೊಟ್ಟೆಯೊಳಗೆ ಇಳಿದು ಮೀನೆಲ್ಲ ಆರಿಸಿ ಚೀಲಕ್ಕೆ ತುಂಬಿದ. ಊದಿನಕಡ್ಡಿ ಕಟ್ಟು ಪೂರ್ತಿ ಹಚ್ಚಿ ಒಳಗೆ ತೋರಿಸಿದ. ಈಗ ಇಗ್ವಾನೊಡಾನಿನ ಹೊಟ್ಟೆಯಲ್ಲಿ ಬಂಗಡೆಗೆ ಪೂಜೆ ಮಾಡಿದ ವಾಸನೆ ಬರುತ್ತಿತ್ತು.

ಕಾರವಾರದ ಸಭಾಭವನದ ಗೇಟು ಕಂಡಿತು. ಗೇಟಿನಲ್ಲೇ ಹೆಗಡೆ ವಕೀಲರು ನಿಂತಿದ್ದರು. ಒಬ್ಬರೇ ಅಲ್ಲ. ಹೊಸ ರೇಷ್ಮೆ ಶಲ್ಯ, ಹಣೆಗೆ ಗಂಧ. ಪಕ್ಕದಲ್ಲಿ ಪತ್ತಲ ಸೀರೆ ಉಟ್ಟ ಹೆಂಡತಿ ಸುಬ್ಬಲಕ್ಷ್ಮಿ ಅಮ್ಮ, ಹಿಂದೆ ನೆಂಟರು, ಇಷ್ಟರು, ಕೋರ್ಟಿನ ವಕೀಲರೆಲ್ಲ. ಇಬ್ಬರು ಫೋಟೋಗ್ರಾಫರು ಬೇರೆ.

"ಸಾಕ್ಷಿ ಸಮೇತ ಕಾಯ್ತಿದ್ದಾರೆ" ಅಂದರು ಮಾಸ್ತರರು ಸಣ್ಣ ದನಿಯಲ್ಲಿ.

ಟೆಂಪೋ ನಿಂತಿತು. ಹೆಗಡೆಯವರು ಮುಂದೆ ಬಂದು, ಶಲ್ಯ ಸರಿಮಾಡಿಕೊಂಡು, ತಲೆ ಎತ್ತಿ ಇಗ್ವಾನೊಡಾನಿನ ಮುಖ ನೋಡಿದರು. ನೋಡುತ್ತಲೇ ನಿಂತರು. ಅವರ ಮುಖದ ಕಳೆ ಮೆಲ್ಲಗೆ ಇಳಿಯಿತು.

"ಮಾಸ್ತರೇ, ಮೂಗಿನ ಮೇಲಿಂದು ಎಲ್ಲಿ?"

ಮಾಸ್ತರರು ಬಾಯಿಪಾಠ ಮಾಡಿಕೊಂಡದ್ದನ್ನು ಒಪ್ಪಿಸಿದರು: "ತೆಗೆಸಿದ್ದೇನೆ ಸರ್. ಅದು ತಪ್ಪು. ಅದರ ಸರಿಯಾದ ಜಾಗ ಹೆಬ್ಬೆರಳು. ವಿಜ್ಞಾನ ಹಾಗೇ ಹೇಳ್ತದೆ, ಅಕ್ಕೋರನ್ನು ಕೇಳಿ."

ಎಲ್ಲರ ಕಣ್ಣೂ ಹೆಬ್ಬೆರಳಿಗೆ ಹೋಯಿತು. ಕೊಂಬು ಕಟ್ಟಿದ ದಪ್ಪ ಹೆಬ್ಬೆರಳು ಆಕಾಶಕ್ಕೆ ಎತ್ತಿ ನಿಂತಿತ್ತು. ಗುಂಪಿನ ಹಿಂದಿನಿಂದ ಒಬ್ಬ ಖುಷಿಯಿಂದ ಕಿರುಚಿದ: "ಕಿಶನ ಶೇಟರು! ಸಾಕ್ಷಾತ್ ಕಿಶನ ಶೇಟರು!"

ಕಾರವಾರದಲ್ಲಿ ಕಿಶನ ಶೇಟರ ಹೆಬ್ಬೆರಳು ನೋಡದವರಿಲ್ಲ. ಎದುರಿಗೆ ಸಿಕ್ಕವರಿಗೆಲ್ಲ ಹೆಬ್ಬೆರಳೆತ್ತಿ ತೋರಿಸುವುದು ಅವರ ಚಾಳಿ. ಹೊಟ್ಟೆಯೂ ಹೆಗಡೆಯವರದ್ದಕ್ಕೆ ಕಡಿಮೆ ಇರಲಿಲ್ಲ. ಆಮಂತ್ರಣ ಇದ್ದುದರಿಂದ ಅವರೂ ಅಲ್ಲೇ ಇದ್ದರು. ಕೂಗು ಕೇಳಿದ್ದೇ ತಡ, ನಗುತ್ತ ಮುಂದೆ ಬಂದು, "ನಾಲ್ಕನೇ ಸಲ ಆಯ್ತಲ್ಲ ಮಾರಾಯ್ರೆ!" ಅಂತ ಇಗ್ವಾನೊಡಾನಿನ ಪಕ್ಕ ಹೆಬ್ಬೆರಳೆತ್ತಿ ನಿಂತರು. ಇಬ್ಬರು ಫೋಟೋಗ್ರಾಫರೂ ಅತ್ತ ಓಡಿದರು.

ಸುಬ್ಬಲಕ್ಷ್ಮಿ ಅಮ್ಮ ಮಾಸ್ತರರನ್ನು ಬದಿಗೆ ಕರೆದರು. ಅವರ ಕಣ್ಣಲ್ಲಿ ನೀರಿತ್ತು. "ಎಂಥ ಕೆಲಸ ಮಾಡಿದಿರಿ ನೀವು? ಬೆಳಿಗ್ಗೆ ಫೋಟೋ ಬಂದಾಗಿಂದ ಅವರು ಖುಷಿಗೆ ನೆಲದ ಮೇಲೆ ಇರಲಿಲ್ಲ. ಇಷ್ಟು ವರ್ಷ ಸಾರ್ವಜನಿಕದಲ್ಲಿ ದುಡಿದ್ರೂ ಅವರದ್ದೊಂದು ಹಗರಣ ಆಗಿರಲಿಲ್ಲ. ದೊಡ್ಡ ಮನುಷ್ಯ ಅಂತ ಜನ ಲೆಕ್ಕಕ್ಕೆ ಹಿಡಿದ್ರೆ ತಾನೇ ಹಗರಣ ಮಾಡೂದು? 'ನನ್ನ ಮೂಗು ನೋಡಿ ಎಲ್ಲ ತಲೆ ತಗ್ಗಿಸ್ತಾರೆ, ಒಬ್ಬರೂ ನಗೂದಿಲ್ಲ' ಅಂತ ಎಷ್ಟು ಸಲ ಹೇಳ್ತಿದ್ರು. ನೆಂಟರಿಗೆಲ್ಲ ಫೋನ್ ಮಾಡಿ ಕರೆಸಿದ್ದು ಅವರೇ."

ಮಾಸ್ತರರಿಗೆ ಭೂಮಿ ಬಾಯಿಬಿಟ್ಟರೆ ಸಾಕು ಅನಿಸಿತು. "ಕೊಂಬು ಈಗಲೇ ಮೂಗಿಗೆ ಕಟ್ತೇನೆ ಅಮ್ಮಾ!" ಅಂತ ಟೆಂಪೋ ಹತ್ತಲು ಹೋದರು. ಅಷ್ಟರಲ್ಲಿ ಕಿಶನ ಶೇಟರ ಬಳಗ ಹೆಬ್ಬೆರಳಿಗೆ ಹೂವಿನ ಮಾಲೆ ಹಾಕಿ ಆಗಿತ್ತು. ಮಾಲೆ ಬಿದ್ದ ಹೆಬ್ಬೆರಳನ್ನು ಬಿಚ್ಚುವುದು ಯಾರು?

ಇಗ್ವಾನೊಡಾನನ್ನು ಒಳಗೆ ಹೊತ್ತು ಸಭಾಭವನದಲ್ಲಿ ಇಟ್ಟರು. ಹೊಟ್ಟೆಯೊಳಗೆ ಮೇಜು ಹಾಕಿ, ಬಾಳೆಲೆ ಹಾಸಿ, ಪಾಯಸ ಬಡಿಸಿದರು. ಊಟಕ್ಕೆ ಕೂರಬೇಕಾಗಿದ್ದ ಉಳಿದ ಮೂವರು ವಾಸನೆ ನೋಡಿ, "ಇವತ್ತು ನಮಗೆ ಏಕಾದಶಿ" ಅಂತ ಜಾರಿಕೊಂಡರು. ಹೆಗಡೆಯವರು ಮಾತ್ರ, ಒಪ್ಪಿಕೊಂಡ ತಪ್ಪಿಗೆ, ಒಬ್ಬರೇ ಒಳಗೆ ಕೂತರು. ಮೀನಿನ ವಾಸನೆ ಮೂಗಿಗೆ ಹೊಡೆಯಿತು. ಅಡ್ಡ ಹಿಡಿಯಲು ಏನೂ ಸಿಗದೆ, ಬಿಡುಗಡೆಗೆಂದು ಮೇಜಿನ ಮೇಲೆ ಇಟ್ಟಿದ್ದ ಪುಸ್ತಕವನ್ನು ತೆರೆದು ಮುಖಕ್ಕೆ ಹಿಡಿದುಕೊಂಡರು. ಹಿಡಿದ ಮೇಲೆ ಕಣ್ಣು ಅದರ ಮೇಲೇ ಬೀಳಬೇಕಲ್ಲ? ಪಾಯಸ ತಣ್ಣಗಾಯಿತು. ಹೊರಗಿನವರಿಗೆ ಕಾಣುತ್ತಿದ್ದದ್ದು ಪುಸ್ತಕದ ರಟ್ಟು, ಆಗಾಗ ಮಗುಚುವ ಪುಟ ಅಷ್ಟೇ. ಮಾಸ್ತರರು ಕಂಬಕ್ಕೆ ಒರಗಿ ಪುಟ ಎಣಿಸುತ್ತ ನಿಂತಿದ್ದರು.

ಕಡೆಗೆ ಹೆಗಡೆಯವರು ಇಗ್ವಾನೊಡಾನಿನಿಂದ ಇಳಿದು ಸ್ಟೇಜಿಗೆ ಬಂದರು. ಮೈಕು ತಮ್ಮ ಎತ್ತರಕ್ಕೆ ಸರಿಮಾಡಿಕೊಂಡರು.

"ನಾನು ಈ ಪುಸ್ತಕ ಓದಿದೆ. ಮಕ್ಕಳ ಪುಸ್ತಕ. ಆದರೆ ನನಗೆ ಕಣ್ಣೀರು ಬಂತು. ಒಬ್ಬ ಮನುಷ್ಯ, ಕೈಯಲ್ಲಿ ನಾಲ್ಕೇ ಎಲುಬು. ಜನ ಎಂತ ಹೇಳ್ತಾರೋ, ನಗ್ತಾರೋ, ಒಂದಕ್ಕೂ ಹೆದರಲಿಲ್ಲ. ತನಗೆ ಕಂಡ ಹಾಗೆ ಮೂಗಿನ ಮೇಲೆ ಕೊಂಬು ಇಟ್ಟ. ಮುಂದೆ ತಪ್ಪು ಅಂತ ಗೊತ್ತಾಯ್ತು, ಆಗಲಿ. ಆದರೆ ದೊಡ್ಡವರ ಮುಖ ನೋಡಿ ಅವನು ಕೊಂಬು ಕೀಳಲಿಲ್ಲ. ಚಿತ್ರ ಕಲಿಸುವವನಿಗೆ ಬೇಕಾದ್ದು ಇದೇ ಧೈರ್ಯ. ಇಂಥ ಒಬ್ಬ ಮಾಸ್ತರ ನಮ್ಮ ಶಾಲೆಯಲ್ಲಿ ಇದ್ದಿದ್ದರೆ, ದೇವರಾಣೆ, ನಾನು ಡ್ರಾಯಿಂಗ್ ಪಿರಿಯಡ್ ಮುಟ್ತಿರಲಿಲ್ಲ." ಹೆಗಡೆಯವರು ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಂಡರು. "ಎಂತ ಮಾಡೂದು, ಇಲ್ಲ. ಜೂನಿನಿಂದ ಆ ಪಿರಿಯಡ್ ವಿಜ್ಞಾನದ ಅಕ್ಕೋರಿಗೆ."

ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಚೈತ್ರಾ ಅಕ್ಕೋರು ನಾಚಿಕೆಯಿಂದ ಕುಗ್ಗಿಹೋಗಿ ಪಕ್ಕಕ್ಕೆ ತಿರುಗಿದರೆ, ರವಿಕಿರಣ ಮಾಸ್ತರರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು.

"ಅಯ್ಯೋ ಮಾಸ್ತರೇ, ಅವರು ಎಂತ ಹೇಳಿದ್ರು ಅಂತ ತಿಳೀತಾ ನಿಮಗೆ? ಪಿರಿಯಡ್ ಹೋಯ್ತು! ಎಂತಕ್ಕೆ ಚಪ್ಪಾಳೆ ತಟ್ಟೂದು?"

"ತಿಳೀತು ಅಕ್ಕೋರೆ" ಅಂದರು ಮಾಸ್ತರರು, ತಟ್ಟುವುದನ್ನು ನಿಲ್ಲಿಸದೆ. "ಆದರೆ ನೋಡಿದ್ರಾ, ಅವರು ಪುಸ್ತಕ ಪೂರ್ತಿ ಓದಿದ್ದಾರೆ."